ಕೆಂಪು ಚಡ್ಡಿಯ ಚೇಳಪ್ಪ

ಕಾವೇರಿ ದಡದಲ್ಲಿ ಪಾಪಣ್ಣ ಮೇಷ್ಟ್ರ ಗರಡಿ. ಅಲ್ಲಿ ಮಣ್ಣಿಲ್ಲ, ಗದೆಯಿಲ್ಲ. ಒಂದು ದೊಡ್ಡ ಟಿವಿ, ಎರಡು ಜಾಯ್‌ಸ್ಟಿಕ್, ಕೂರಲು ಚಾಪೆ. ಶಿಷ್ಯರು ಕಲಿಯುತ್ತಿದ್ದದ್ದು 'ಜಟ್ಟಿ ಕಾಳಗ' ಎಂಬ ವಿಡಿಯೋ ಗೇಮ್. ನಗಬೇಡಿ, ಅಲ್ಲಿ ಯಾರೂ ನಗುತ್ತಿರಲಿಲ್ಲ.

ಹಿರಿಯ ಶಿಷ್ಯ ಮಧುಕರ. ಅವನ ಬೆರಳು ಗುಂಡಿಗಳ ಮೇಲೆ ಓಡತೊಡಗಿದರೆ ಎದುರಾಳಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ. ಮೇಷ್ಟ್ರ ಪಕ್ಕದ ಮಣೆ ಅವನದು. ಆ ಮಣೆಯಲ್ಲಿ ಕೂತವರು ಉಳಿದವರಿಗೆ ಪಾಠ ಹೇಳಬೇಕು.

ಆಮೇಲೆ ಆಟದ ಎರಡನೇ ಭಾಗ ಬಂತು. ಕಾಳಗದ ರೀತಿಯೇ ಬದಲಾಯಿತು. ಈಗ ಪ್ರತಿ ಹೊಡೆತಕ್ಕೂ ಜಟ್ಟಿಯ ಉಸಿರು ಖರ್ಚಾಗುತ್ತದೆ. ಹಿಂದೆ ಸರಿದು ಸುಮ್ಮನೆ ನಿಂತರೆ ಮಾತ್ರ ಮತ್ತೆ ತುಂಬುತ್ತದೆ. ಉಸಿರು ಮುಗಿದವನನ್ನು ಒಂದೇ ಏಟಿಗೆ ಕೆಡವಬಹುದು.

ಮಧುಕರ ಹಳೇ ಚಾಳಿಯಲ್ಲೇ ಒಂದೇ ಸಮನೆ ಹೊಡೆದ, ಸೋತ. ಮೊನ್ನೆ ಮೊನ್ನೆ ಸೇರಿದ ಸಿಂಚನಾ, ಚೇಳಪ್ಪ ಎಂಬ ಸಣಕಲು ಜಟ್ಟಿಯನ್ನು ಆರಿಸಿಕೊಂಡು, ನಿಂತು, ಸರಿದು, ಒಂದೊಂದೇ ಏಟು ಹಾಕಿ ಎಲ್ಲರನ್ನೂ ಕೆಡವಿದಳು.

ಮಧುಕರನ ಹೊಟ್ಟೆಗೆ ಬೆಂಕಿ ಬಿತ್ತು. ಊಟ ಸೇರಲಿಲ್ಲ. ಅವಳು ಆಡುವಾಗ ಹಿಂದೆ ನಿಂತು ನೋಡುವುದೇ ಅವನ ಕೆಲಸವಾಯಿತು. ಅವಳು ಯಾವಾಗ ಸರಿದಳು, ಮೇಷ್ಟ್ರು ಯಾವಾಗ ತಲೆಯಾಡಿಸಿದರು, ಎಲ್ಲವೂ ಬಾಯಿಪಾಠ. ತಾನು ಆಡಿ ಎಷ್ಟು ದಿನವಾಯಿತು ಎಂಬುದು ಮಾತ್ರ ಮರೆತುಹೋಯಿತು.

ಒಂದು ಬೆಳಿಗ್ಗೆ ಮೇಷ್ಟ್ರ ಎದುರು ಬಂದು ನಿಂತ.

"ಮೇಷ್ಟ್ರೇ, ಅವಳಿಗೆ ಗುಟ್ಟಾಗಿ ಏನೋ ಹೇಳ್ಕೊಟ್ಟಿದ್ದೀರಿ."

"ಏನು ಹೇಳ್ಕೊಟ್ಟೆ?"

"ಅದು ಗೊತ್ತಿದ್ರೆ ನಾನ್ಯಾಕೆ ಸೋಲ್ತಿದ್ದೆ?"

ಮೇಷ್ಟ್ರು ಎಲೆಗೆ ಸುಣ್ಣ ಸವರಿಕೊಂಡರು. "ನಿಂಗೇನು ಬೇಕಪ್ಪಾ?"

"ಅವಳ ಚೇಳಪ್ಪ ಬೇಕು."

"ತಗೋ. ಯಾರು ಬೇಡ ಅಂದ್ರು?"

"ಅವಳೂ ಅವನನ್ನೇ ಇಟ್ಕೊಳ್ಳಲಿ. ಇಬ್ರೂ ಚೇಳಪ್ಪನಲ್ಲೇ ಆಡ್ತೀವಿ. ಗೆಲ್ತಿರೋದು ಅವಳೋ, ಚೇಳಪ್ಪನೋ, ಗೊತ್ತಾಗಿಬಿಡಲಿ."

"ಸರಿ. ಗೆದ್ದೋರು ಮಣೆ ಮೇಲೆ ಕೂತ್ಕೊಳ್ಳಲಿ."

ತನ್ನ ಮಣೆಯೇ ಪಣಕ್ಕೆ ಬೀಳುತ್ತದೆಂದು ಮಧುಕರ ಎಣಿಸಿರಲಿಲ್ಲ. ಆದರೆ ಮಾತು ಆಗಲೇ ಬಾಯಿಂದ ಹೊರಬಿದ್ದಿತ್ತು.

ಟಿವಿಯಲ್ಲಿ ಇಬ್ಬರು ಚೇಳಪ್ಪಂದಿರು ಎದುರುಬದುರಾದರು. ಅದೇ ಮೀಸೆ, ಅದೇ ಬಡಕಲು ಕಾಲು. ಗುರುತಿಗೆಂದು ಆಟವೇ ಮಧುಕರನ ಜಟ್ಟಿಗೆ ಕೆಂಪು ಚಡ್ಡಿಯನ್ನೂ ಸಿಂಚನಾಳ ಜಟ್ಟಿಗೆ ನೀಲಿ ಚಡ್ಡಿಯನ್ನೂ ತೊಡಿಸಿತ್ತು.

ಮೊದಮೊದಲು ಮಧುಕರ ಚೆನ್ನಾಗಿಯೇ ಆಡಿದ. ಆಮೇಲೆ ಅವನ ಕಣ್ಣು ಎಂದಿನಂತೆ ಅವಳ ಆಟದ ಕಡೆ ಹೋಯಿತು. ನೀಲಿ ಚಡ್ಡಿಯವನು ಹಿಂದೆ ಸರಿದ. ಉಸಿರು ತುಂಬಿಕೊಂಡ. ಎಷ್ಟು ಚೆನ್ನಾಗಿ ಸರಿಯುತ್ತಾನೆ! ಮಧುಕರ ಕಣ್ಣು ಕೀಳದೆ ಗುಂಡಿ ಒತ್ತುತ್ತಲೇ ಇದ್ದ. ನೀಲಿಯವನು ಮುಂದಕ್ಕೆ ಹಾರಿ ಎದುರಿದ್ದವನ ಪಕ್ಕೆಗೆ ಒಂದೇ ಏಟು ಬಿಗಿದ. ಎದುರಿದ್ದವನು ಉರುಳಿಬಿದ್ದ.

"ಕೆಡವ್ದೆ!" ಮಧುಕರ ಚಾಪೆಯಿಂದ ಎಗರಿ ನಿಂತ. "ನೋಡಿದ್ರಾ ಮೇಷ್ಟ್ರೇ? ಹೆಂಗೆ ಕೆಡವ್ದೆ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ.

ಸಿಂಚನಾ ಮೆಲ್ಲಗೆ ಹೇಳಿದಳು. "ಅಣ್ಣಾ, ನಿಮ್ಮದು ಕೆಂಪು."

ಮಧುಕರ ಟಿವಿ ನೋಡಿದ. ಕೆಂಪು ಚಡ್ಡಿಯ ಚೇಳಪ್ಪ ಅಂಗಾತ ಬಿದ್ದಿದ್ದ.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಣೆಯನ್ನು ತಾನೇ ಎತ್ತಿ ಸಿಂಚನಾಳ ಮುಂದಿಟ್ಟ. ಅಷ್ಟಾದರೂ ಹೊಟ್ಟೆಯ ಉರಿ ಆರಿರಲಿಲ್ಲ.

"ಒಂದೇ ಒಂದು ಹೇಳಿಬಿಡಿ ಮೇಷ್ಟ್ರೇ. ನನ್ನಲ್ಲಿ ಇಲ್ದೇ ಇರೋದು ಅವಳ ಹತ್ರ ಏನಿದೆ?"

ಮೇಷ್ಟ್ರು ಟಿವಿಯ ಕಡೆ ಕೈ ತೋರಿಸಿದರು.

"ಮತ್ತೆ ಅವಳನ್ನೇ ನೋಡ್ತಿದ್ದೀಯಲ್ಲೋ. ನಿನ್ನೋನು ಅಲ್ಲಿ ಬಿದ್ದಿದ್ದಾನೆ, ಹೋಗಿ ಎಬ್ಬಿಸು. ಪಾಪ, ಬಹಳ ದಿನದಿಂದ ಒಬ್ನೇ ಹೊಡೆತ ತಿಂತಿದ್ದಾನೆ."