ಮೇಲಿನ ಕಚ್ಚಿನ ಹಲಗೆ

ನನ್ನ ದಿನಚರಿಯಲ್ಲಿ ೧೪ ಜುಲೈ ೧೯೭೧, ಬುಧವಾರದ ಪುಟದಲ್ಲಿ ಹೀಗಿದೆ: ‘ಬೆಳಿಗ್ಗೆ ಮೋಡ. ಹೊಳೆ ಕೆಂಪಗೆ ಹರಿಯುತ್ತಿದೆ. ಹಾಲೇಶ ವಸ್ತಾದರನ್ನು ಎದೆಯ ವಿಷಯ ಕೇಳಿದ.’

ವಸ್ತಾದ್ ಎಂದರೆ ಗರಡಿಯ ಗುರು. ಹರಿಹರದ ಹೊಳೆದಂಡೆಯಲ್ಲಿ, ನಮ್ಮ ಮಾವನವರು ಬಿಟ್ಟುಕೊಟ್ಟ ಜಾಗದಲ್ಲಿ, ದುರ್ಗೋಜಿ ವಸ್ತಾದರ ಗರಡಿ ಇತ್ತು. ಹೆಂಗಸರು ಅದರ ಹೊಸ್ತಿಲು ದಾಟುವಂತಿರಲಿಲ್ಲ. ನಾನು ದಾಟಲಿಲ್ಲ. ಆದರೆ ನಮ್ಮ ಹಿತ್ತಲಿಗೂ ಗರಡಿಯ ಅಂಗಳಕ್ಕೂ ನಡುವೆ ಇದ್ದದ್ದು ಮೋಟುಗೋಡೆ. ಕಂಡದ್ದನ್ನೂ ಕೇಳಿದ್ದನ್ನೂ ಅಂದಂದೇ ಬರೆದಿಟ್ಟಿದ್ದೇನೆ. ಬಿ.ಎ. ಓದಿದವಳು ಕೇಳಿದ್ದಕ್ಕೆ ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು.

ಹಾಲೇಶ ಮಂಡಿಯ ಹಮಾಲಿ. ಭತ್ತದ ಮೂಟೆ ಹೊರುವ ಅವನ ಭುಜವನ್ನು ನಂಬಿ ಹೆಂಡತಿ, ಕಣ್ಣು ಕಾಣದ ತಾಯಿ, ಮೊಲೆ ಕುಡಿಯುವ ಕೂಸು ಇದ್ದರು.

ದಸರೆಗೆ ಅಂಗಸೌಷ್ಠವದ ಸ್ಪರ್ಧೆ. ಹಿಂದಿನ ವರ್ಷ ಅವನು ಸೋತಿದ್ದ. ಎದೆಯ ಕೆಳಭಾಗ ಚೆನ್ನಾಗಿದೆ, ಮೇಲ್ಭಾಗ ಬರಿದು ಎಂದು ತೀರ್ಪುಗಾರರು ಎಲ್ಲರೆದುರು ಹೇಳಿದ್ದರು.

“ವಸ್ತಾದ್ರೆ, ಕೊರಳೆಲುಬಿನ ಕೆಳಗ ನನಗ ಬಟ್ಟಲಿನಂಗ ತಗ್ಗೈತಿ. ಅದು ತುಂಬಬೇಕು,” ಎಂದ ಹಾಲೇಶ.

“ತುಂಬಿಸಿ ಏನ್ ಕುಡೀತಿ?”

ಸುತ್ತ ನಿಂತವರು ನಕ್ಕರು.

“ನಗಬ್ಯಾಡ್ರಿ. ಈ ಸಲನೂ ಸೋತ್ರ ನಾ ಊರಾಗ ಅಂಗಿ ಬಿಚ್ಚಂಗಿಲ್ಲ.”

“ಹಂಗಾದ್ರ ಮಲಕ್ಕೊ.”

ಬೇವಿನ ಮರದ ಕೆಳಗೆ ಒಂದು ಓರೆ ಹಲಗೆ ಇತ್ತು. ಅದರ ತಲೆಕಡೆಗೆ ಎರಡು ಕಂಬ, ಕಂಬಗಳ ನಡುವೆ ಹಲಗೆಯನ್ನು ಹೊರುವ ಒಂದು ಅಡ್ಡಮರ. ಅಡ್ಡಮರ ಕೂರಲು ಕಂಬಗಳಲ್ಲಿ ಮೂರು ಕಚ್ಚು ಕೊರೆದಿದ್ದರು. ಕೆಳಗಿನ ಕಚ್ಚಿನಲ್ಲಿಟ್ಟರೆ ಮನುಷ್ಯ ಹೆಚ್ಚುಕಡಿಮೆ ಮಲಗಿದ ಹಾಗೆ. ನಡುವಿನದರಲ್ಲಿಟ್ಟರೆ ಆರಾಮಾಗಿ ಒರಗಿದ ಹಾಗೆ. ಮೇಲಿನದರಲ್ಲಿಟ್ಟರೆ ಕುರ್ಚಿಯಲ್ಲಿ ಕೂತ ಹಾಗೆ. ಹಲಗೆಗೆ ಬೆನ್ನು ಕೊಟ್ಟು, ಎದೆಯ ಮೇಲಿಂದ ಕಬ್ಬಿಣದ ರಾಡು ಎತ್ತಬೇಕು.

ವಸ್ತಾದರು ಎತ್ತುತ್ತಿದ್ದದ್ದು ಯಾವಾಗಲೂ ಮೇಲಿನ ಕಚ್ಚಿನಲ್ಲಿ. ಅವರ ಎದೆ ನಗಾರಿಯಂತಿತ್ತು; ಎತ್ತುವಾಗಲೂ ಹೆಗಲ ಮೇಲೆ ವಲ್ಲಿ, ಅಂದರೆ ಉತ್ತರೀಯ, ಇರುತ್ತಿತ್ತು. ಆ ಓರೆಯನ್ನು ಹನುಮಪ್ಪನೇ ಅವರ ಕನಸಿನಲ್ಲಿ ಬಂದು ತೋರಿಸಿದ್ದು ಎಂದು ಹುಡುಗರು ಹೇಳುತ್ತಿದ್ದರು. ವಸ್ತಾದರು ಹೌದು ಎಂದಿರಲಿಲ್ಲ. ಅಲ್ಲ ಎಂದೂ ಅಂದಿರಲಿಲ್ಲ. ಶನಿವಾರ ಆ ಕಚ್ಚಿಗೆ ಸಿಂಧೂರ ಹಚ್ಚುತ್ತಿದ್ದರು.

ಹಾಲೇಶ ಬೆನ್ನು ಕೊಟ್ಟ. ವಸ್ತಾದರು ಅವನ ಕೊರಳೆಲುಬಿನ ಕೆಳಗೆ ಎರಡು ಬೆರಳು ಊರಿದರು.

“ಬರೇ ರಾಡು ಎತ್ತು. ನಿಧಾನಕ್ಕ.”

ಅವನು ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

“ಎಲ್ಲಿ ಉರೀತೈತಿ?”

“ಭುಜದಾಗ.”

ವಸ್ತಾದರು ಅಡ್ಡಮರವನ್ನು ಮೇಲಿನ ಕಚ್ಚಿನಿಂದ ನಡುವಿನ ಕಚ್ಚಿಗೆ ಇಳಿಸಿದರು.

“ಈಗ?”

“ಇಲ್ಲೆ. ನಿಮ್ಮ ಬೆರಳಿನ ಕೆಳಗ.”

“ಹಂಗಾದ್ರ ಇಲ್ಲೇ ಎತ್ತು,” ಎಂದು ಹೇಳಿ ವಸ್ತಾದರು ಸ್ನಾನಕ್ಕೆ ಹೊಳೆಗೆ ಇಳಿದರು.

ಹಾಲೇಶ ನಡುವಿನ ಕಚ್ಚಿನಲ್ಲೇ ಎತ್ತತೊಡಗಿದ. ಶ್ರಾವಣ ಮುಗಿಯುವ ಹೊತ್ತಿಗೆ ಅವನ ಎದೆಯ ತಗ್ಗು ತುಂಬುತ್ತಿರುವುದು ಗೋಡೆಯಾಚೆಯಿಂದ ನನಗೂ ಕಾಣುತ್ತಿತ್ತು.

ಅದು ಮೈಲಾರಿಗೂ ಕಂಡಿತು. ಮೈಲಾರಿ ಅದೇ ಗರಡಿಯವನು, ಹಾಲೇಶನ ಜೊತೆಗಾರ, ಬಾಯಾಳಿ.

“ಏನಲೇ ಹಾಲ್ಯಾ, ಬಾಣಂತಿ ಹಂಗ ಒರಗೀಯಲ್ಲ?”

“ವಸ್ತಾದ್ರು ಹೇಳ್ಯಾರ.”

“ಅವರು ಎತ್ತೋದು ಯಾವ ಕಚ್ಚಿನಾಗ?”

“ಮ್ಯಾಲಿಂದ್ರಾಗ.”

“ತಮಗ ಮ್ಯಾಲಿಂದು, ನಿನಗ ನಡುವಿಂದು. ನೀ ಎಷ್ಟರವ ಅಂತ ಅಳದು ಕೊಟ್ಟಾರ ಬಿಡು.”

ಮಾರನೆಯ ಬೆಳಿಗ್ಗೆ ಹಾಲೇಶ ಎಲ್ಲರ ಮುಂದೆ ಕೇಳಿದ.

“ವಸ್ತಾದ್ರೆ, ನಿಮ್ಮ ಓರೆ ನನಗ್ಯಾಕ ಕೊಡಲಿಲ್ಲ?”

ವಸ್ತಾದರು ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡರು. ಏನೋ ಹೇಳಲು ಬಾಯಿ ತೆರೆದರು. ಹುಡುಗರೆಲ್ಲ ಹತ್ತಿರ ಬಂದು ನೆಲದ ಮೇಲೆ ಕೂತರು. ಹನುಮಪ್ಪನ ಕನಸಿನ ಕಥೆಯನ್ನು ಅವರ ಬಾಯಿಂದಲೇ ಕೇಳಬಹುದು ಎಂಬ ಆಸೆ ಆ ಮುಖಗಳಲ್ಲಿತ್ತು.

ವಸ್ತಾದರು ತೆರೆದ ಬಾಯಿ ಮುಚ್ಚಿದರು. ತಮ್ಮ ಚಪ್ಪಲಿಯನ್ನು ಕಾಲಿನಿಂದ ಬಿಟ್ಟು ಹಾಲೇಶನ ಮುಂದೆ ಸರಿಸಿದರು.

“ಹಾಕ್ಕೊಂಡು ಹೊಳಿತನಕ ನಡದು ಬಾ.”

ಹಾಲೇಶನ ಪಾದ ದೊಡ್ಡದು, ಚಪ್ಪಲಿ ಸಣ್ಣದು. ನಾಲ್ಕು ಹೆಜ್ಜೆ ಇಟ್ಟಿದ್ದರೆ ಹಿಮ್ಮಡಿ ಒರಸಿ ಗಾಯವಾಗುತ್ತಿತ್ತು. ಒಬ್ಬರ ಅಳತೆ ಇನ್ನೊಬ್ಬರಿಗೆ ಬರುವುದಿಲ್ಲ ಎಂದು ಆಗ ಅವನಿಗೆ ತಿಳಿಯುತ್ತಿತ್ತು.

ಅವನು ಹಾಕಿಕೊಳ್ಳಲಿಲ್ಲ. ಗುರುವಿನ ಚಪ್ಪಲಿಗೆ ಕಾಲು ಹಾಕುವುದುಂಟೇ? ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. ತಲೆಯ ಮೇಲೆ ಇಟ್ಟುಕೊಂಡ. ಹಾಗೆಯೇ ಹೊಳೆಯತನಕ ನಡೆದು ಹೋಗಿ ಬಂದ.

“ಭಲೇ ಶಿಷ್ಯಾ!” ಎಂದು ಮೈಲಾರಿ ಕೂಗಿದ. ಹುಡುಗರು ಚಪ್ಪಾಳೆ ಹೊಡೆದರು.

ವಸ್ತಾದರು ನಕ್ಕರು. ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದರು.

ಅಂದು ಸಂಜೆ ಹಾಲೇಶ ಅಡ್ಡಮರವನ್ನು ಮೇಲಿನ ಕಚ್ಚಿಗೆ ಏರಿಸಿದ.

ಮರುದಿನ ವಸ್ತಾದರು ಬಂದು ನೋಡಿದರು. ಮಾತಾಡದೆ ನಡುವಿನ ಕಚ್ಚಿಗೆ ಇಳಿಸಿದರು. ಅವರು ಅತ್ತ ಹೋದ ಮೇಲೆ ಹಾಲೇಶ ಮತ್ತೆ ಏರಿಸಿದ. ಇನ್ನೊಂದು ದಿನವೂ ಹಾಗೇ ಆಯಿತು.

“ಪರೀಕ್ಷೆ ಮಾಡಾಕ ಹತ್ಯಾರಲೇ,” ಎಂದ ಮೈಲಾರಿ. “ಗಟ್ಟಿ ಹಿಡಕೊಂಡವನಿಗೆ ಕೊಡ್ತಾರ.”

ಮೂರನೆಯ ಸಲ ವಸ್ತಾದರು ಇಳಿಸಲಿಲ್ಲ. ಅಡ್ಡಮರದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೈ ತೆಗೆದರು.

ಹಾಲೇಶ ಅದನ್ನು ಅಪ್ಪಣೆ ಎಂದುಕೊಂಡ.

ಓರೆ ಏರಿದಷ್ಟೂ ಎದೆ ಹಿಂದೆ ಸರಿಯುತ್ತದೆ, ಭುಜ ಮುಂದೆ ಬರುತ್ತದೆ. ಆಗ ತೂಕ ಇಳಿಸಬೇಕು. ಹಾಲೇಶ ಇಳಿಸಲಿಲ್ಲ. ನಡುವಿನ ಕಚ್ಚಿನಲ್ಲಿ ಎತ್ತುತ್ತಿದ್ದ ಪ್ಲೇಟುಗಳನ್ನೇ ಮೇಲಿನ ಕಚ್ಚಿನಲ್ಲೂ ಹಾಕಿದ. ಗಣೇಶನ ಹಬ್ಬದ ನಂತರ ಇನ್ನಷ್ಟು ಸೇರಿಸಿದ. ಹಗಲೆಲ್ಲ ಮಂಡಿಯಲ್ಲಿ ಮೂಟೆ ಹೊರುತ್ತಿದ್ದದ್ದೂ ಅದೇ ಭುಜ.

ಒಂದು ದಿನ ಅವನು ನಮ್ಮ ಗೋಡೆಯ ಹತ್ತಿರ ಬಂದ.

“ಅಕ್ಕಾರ, ಒಂದೀಟು ಎಳ್ಳೆಣ್ಣಿ ಇದ್ರ ಕೊಡ್ರಿ.”

“ಯಾಕೋ ಹಾಲೇಶ, ಎಲ್ಲಿ ನೋವು?”

ಅವನು ಬಲಭುಜದ ಮುಂಭಾಗ ಮುಟ್ಟಿ ತೋರಿಸಿದ. “ಎದಿ ಬೆಳ್ಯಾಕ ಹತ್ತೈತ್ರಿ. ಅದಕ್ಕ.”

“ಎದೆ ಇರೋದು ಅಲ್ಲಲ್ಲಪ್ಪ.”

“ಕಾಲೇಜಿನಾಗ ಗರಡಿ ವಿದ್ಯಾನೂ ಹೇಳಿಕೊಟ್ಟಾರೇನ್ರಿ ಅಕ್ಕಾರ?” ಎಂದು ನಕ್ಕ. ಎಣ್ಣೆಯ ಬಟ್ಟಲಿಗೆ ಎಡಗೈ ಚಾಚಿದ. ಬಲಗೈ ಗೋಡೆಯಷ್ಟು ಎತ್ತರಕ್ಕೆ ಏಳುತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಅದು ನಡೆಯಿತು. ಹಾಲೇಶ ಮೇಲಿನ ಕಚ್ಚಿಗೆ ನಮಸ್ಕರಿಸಿ ಹಲಗೆಗೆ ಬೆನ್ನು ಕೊಟ್ಟ. ಮೈಲಾರಿ ರಾಡನ್ನು ಕೈಗೆ ಕೊಟ್ಟ. ರಾಡು ಎದೆಯತನಕ ಇಳಿಯಿತು. ಅರ್ಧ ಏರಿತು.

ಒಣಗಿದ ತೆಂಗಿನ ಗರಿ ಸೀಳಿದ ಹಾಗೆ ಸದ್ದಾಯಿತು.

ಮೈಲಾರಿ ರಾಡನ್ನು ಆಚೆ ಎಳೆದದ್ದರಿಂದ ಕುತ್ತಿಗೆ ಉಳಿಯಿತು. ಹಾಲೇಶ ಕೂಗಲಿಲ್ಲ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದ.

ಮೂಳೆ ಕಟ್ಟುವವನು ಬಂದು ನೋಡಿ, ಮೂಳೆ ಮುರಿದಿಲ್ಲ, ಇದು ನನ್ನ ಕೆಲಸವಲ್ಲ ಎಂದ. ಆಸ್ಪತ್ರೆಯಲ್ಲಿ ಡಾಕ್ಟರು, ತೋಳನ್ನು ಭುಜಕ್ಕೆ ಕಟ್ಟಿರುವ ಹುರಿ ದಿನಾ ಉಜ್ಜಿ ಉಜ್ಜಿ ಸವೆದಿತ್ತು, ಈಗ ಕಿತ್ತಿದೆ ಎಂದರು. ಹೊಲಿಯಲು ಬರುತ್ತದೆಯೇ ಎಂದು ಹೆಂಡತಿ ಕೇಳಿದಳು. ಸವೆದ ಬಟ್ಟೆಗೆ ಹೊಲಿಗೆ ನಿಲ್ಲುವುದಿಲ್ಲ ಎಂದರಂತೆ.

ದಸರೆ ಬಂತು, ಹೋಯಿತು. ಸ್ಪರ್ಧೆಯಲ್ಲಿ ಯಾರು ಗೆದ್ದರೆಂದು ಗರಡಿಯಲ್ಲಿ ಯಾರೂ ಮಾತಾಡಲಿಲ್ಲ.

ದೀಪಾವಳಿಗೆ ಮೊದಲು ಹಾಲೇಶ ಗರಡಿಗೆ ಬಂದ. ಕೈಯನ್ನು ಹಳೆ ಸೀರೆಯ ತುಂಡಿನಿಂದ ಕೊರಳಿಗೆ ಕಟ್ಟಿದ್ದರು. ವಸ್ತಾದರು ಬೇವಿನ ಮರದ ಕೆಳಗೆ ಕೂತಿದ್ದರು. ಅವನು ಎದುರಿಗೆ ನಿಂತ.

“ವಸ್ತಾದ್ರೆ, ನನ್ನ ಭಕ್ತಿಯೊಳಗ ಏನ್ ಕಮ್ಮಿ ಆತು?”

“ಏನೂ ಕಮ್ಮಿ ಆಗಲಿಲ್ಲ.”

“ಮತ್ಯಾಕ್ರಿ ಹಿಂಗಾತು?”

ವಸ್ತಾದರು ವಲ್ಲಿಯನ್ನು ಹೆಗಲಿನಿಂದ ತೆಗೆದರು. ಅದಿಲ್ಲದೆ ಅವರನ್ನು ನಾನು ಕಂಡದ್ದು ಅದೇ ಮೊದಲು.

“ಮುಟ್ಟು.”

ಹಾಲೇಶ ಎಡಗೈಯಲ್ಲಿ ಮುಟ್ಟಿದ. ಕೊರಳೆಲುಬು ನಡುವೆ ಮುರಿದು, ತುಂಡಿನ ಮೇಲೆ ತುಂಡು ಏರಿ, ಗಂಟಾಗಿ ಕೂಡಿಕೊಂಡಿತ್ತು.

“ಕುಸ್ತಿಯೊಳಗ ಮುರದದ್ದೇನ್ರಿ?”

“ಅಲ್ಲ. ರಾಣೆಬೆನ್ನೂರಿಂದ ತೌಡಿನ ಗಾಡಿ ಮ್ಯಾಲೆ ಮಲಗಿ ಬರ್ತಿದ್ದೆ. ನಿದ್ದಿಗಣ್ಣಾಗ ಉಳ್ಳಿ ಬಿದ್ದೆ. ಗಾಡಿ ಹೊಡಿಯಾವ ಒಂದು ಹರದಾರಿ ಹೋದ ಮ್ಯಾಲೆ ತಿರುಗಿ ನೋಡಿದ.”

ಮೈಲಾರಿ ಅಲ್ಲೇ ಇದ್ದ. ನಗಲಿಲ್ಲ.

“ಆವತ್ತಿಂದ ಹಲಗಿ ಇಳಿಸಿದ್ರ ಈ ಗಂಟು ಚುಚ್ಚತಿತ್ತು. ಮ್ಯಾಲಿನ ಕಚ್ಚಿನಾಗ ಚುಚ್ಚತಿರಲಿಲ್ಲ. ಅಷ್ಟೇ. ಹನುಮಪ್ಪ ಬಂದಿರಲಿಲ್ಲ.”

“ಮತ್ತ ನಿಮ್ಮ ಎದಿ?”

“ಅದು ಬೀಳೋದಕ್ಕಿಂತ ಮೊದಲಿಂದು. ಸಣ್ಣವ ಇದ್ದಾಗ ಗರಡಿಯಾಗ ಹೊಡದ ದಂಡ-ಬೈಠಕಿಂದು. ಈ ಹಲಗಿ ನನಗ ಏನೂ ಕೊಟ್ಟಿಲ್ಲ. ಇದ್ದದ್ದನ್ನ ಉಳಿಸಿಕೊಟ್ಟೈತಿ.”

ಹಾಲೇಶ ಕೈಯನ್ನು ಆ ಗಂಟಿನಿಂದ ಹಿಂದಕ್ಕೆ ತೆಗೆದುಕೊಂಡ.

“ಇದನ್ನ ನಾ ಕೇಳಿದಾಗ ಹೇಳಬಹುದಿತ್ತಲ್ರಿ.”

“ಹೇಳಬಹುದಿತ್ತು.”

“ಯಾಕ ಹೇಳಲಿಲ್ರಿ?”

ವಸ್ತಾದರು ಹೊಳೆಯ ಕಡೆ ನೋಡಿದರು.

“ಹೇಳಾಕಂತನ ಬಾಯಿ ತಗದಿದ್ದೆ. ನಿಮ್ಮ ಮುಖ ನೋಡಿ ನಾಚಿಕಿ ಆತು. ಒಗಟು ಒಡ್ಡಿದೆ. ನೀ ಚಪ್ಪಲಿ ತಲಿ ಮ್ಯಾಲೆ ಹೊತ್ತಿ. ತಪ್ಪು ತಿಳಕೊಂಡಿ ಅಂತ ನನಗ ಅಲ್ಲೇ ಗೊತ್ತಾತು.”

“ಗೊತ್ತಾಗಿಯೂ ಸುಮ್ಮನಾದ್ರೇನು?”

“ಛಂದ ಕಂಡಿತ್ತೋ ಹಾಲೇಶಾ.”

ಹಾಲೇಶ ತಿರುಗಿ ಹೊರಟ. ಹೋಗುವಾಗ ಕಾಲಿಗೆ ಬೀಳಲಿಲ್ಲ.

ಕಾರ್ತಿಕ ಕಳೆಯಿತು. ಒಂದು ಶನಿವಾರ ಬೆಳಿಗ್ಗೆ ಗರಡಿಯಿಂದ ಊದುಬತ್ತಿಯ ವಾಸನೆ ಬಂತು. ಮೈಲಾರಿ ಅಡ್ಡಮರವನ್ನು ನಡುವಿನ ಕಚ್ಚಿನಲ್ಲಿಟ್ಟು, ಕಂಬಕ್ಕೆ ಸಿಂಧೂರ ಬಳಿದು, ಹೂ ಏರಿಸಿದ್ದ. ಹುಡುಗರು ಸಾಲಾಗಿ ನಿಂತಿದ್ದರು.

ವಸ್ತಾದರು ಹೊಳೆಯಿಂದ ಬಂದು ನೋಡಿದರು.

“ಇದೇನೋ?”

“ನಡುವಿನ ಕಚ್ಚೇ ಖರೇ ಅಂತ ಗೊತ್ತಾತಲ್ರಿ,” ಎಂದ ಮೈಲಾರಿ. “ಇನ್ನ ಎಲ್ಲರೂ ಇದರಾಗ ಎತ್ತೋದು. ಮ್ಯಾಲಿಂದಕ್ಕ ಬೆಣೆ ಜಡದೀನಿ.”

“ಕುಳ್ಳಗಿದ್ದವರೂ ಇದರಾಗ? ಕೈ ಉದ್ದ ಇದ್ದವರೂ ಇದರಾಗ?”

“ಹೌದ್ರಿ.”

“ನೀ ಎತ್ತಿ ನೋಡಿದಿಯೇನು? ನಿನ್ನ ಎದಿ ಏನಂತು?”

“ಎದಿನ್ಯಾಕ ಕೇಳ್ಲಿ? ನೀವು ಹಾಲೇಶಗ ತೋರಿಸಿದ್ದನ್ನ ನಾನೇ ಕಣ್ಣಾರೆ ನೋಡೀನಿ.”

ವಸ್ತಾದರು ವಲ್ಲಿಯನ್ನು ಒದ್ದೆ ಮಾಡಿ ಕಂಬದ ಸಿಂಧೂರ ಒರೆಸತೊಡಗಿದರು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು.

ಮೈಲಾರಿಗೆ ಕೆಡುಕೆನಿಸಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ನೀವ್ಯಾಕ ಇಷ್ಟು ಹಚ್ಚಿಕೊಂತೀರಿ ವಸ್ತಾದ್ರೆ? ಕನಸಿನ ಕಥಿ ಕಟ್ಟಿದವರು ನಾವು. ನೀವು ಒಂದು ಸುಳ್ಳನೂ ಹೇಳಲಿಲ್ಲ.”

“ಇಲ್ಲ. ಒಂದೂ ಹೇಳಲಿಲ್ಲ,” ಎಂದರು ವಸ್ತಾದರು. “ಹಾಲೇಶ ಈಗ ಮಂಡಿ ಬಾಗಿಲಾಗ ಕುಂತು ಎಡಗೈಲೆ ಹರದ ಚೀಲ ಹೊಲೀತಾನ. ಅವನ ಹೆಂಡತಿ ಇಟ್ಟಿಗಿ ಭಟ್ಟಿಗೆ ಹೋಗ್ತಾಳ. ಆ ಕುರುಡಿ ಮುದುಕಿ ಕೂಸಿನ ಕಾಯ್ತಾಳ. ಅವನ ಕೈ ಮ್ಯಾಲೇಳಂಗಿಲ್ಲ, ಜಂತಿಗೆ ತೊಟ್ಟಿಲ ಕಟ್ಟಾಕ ಮಗ್ಗಲ ಮನಿಯವರನ್ನ ಕರೀಬೇಕು.”