ಹೊಳೆ ದಾಟಿದವರ ಚೀಲ

"ಗುರುಗಳೇ, ಬಳಸಿದವರೆಲ್ಲ ಚೆನ್ನಾಗಿಲ್ಲ ಎಂದ ವಸ್ತುವನ್ನೇ ಮನಸ್ಸು ಮತ್ತೆ ಮತ್ತೆ ಬೇಡುತ್ತದೆ. ನಾನು ಅವರ ಮಾತು ಕೇಳಬೇಕೋ, ಮನಸ್ಸಿನ ಮಾತು ಕೇಳಬೇಕೋ?"

ಹೀಗೆ ಕೇಳಿದವನು ಗುರುಸಿದ್ಧ ಎಂಬ ಶಿಷ್ಯ. ಅದು ಯಾವ ವಸ್ತು ಎಂದು ಗುರುಗಳು ವಿಚಾರಿಸಿದರು. ಅವನು ತಲೆ ತಗ್ಗಿಸಿದ, ಹೇಳಲಿಲ್ಲ. ಗುರುಗಳು ಒತ್ತಾಯ ಮಾಡಲಿಲ್ಲ. ಮಠದ ಕಟ್ಟೆಯ ಮೇಲೆ ಅವನಿಗೂ ಜಾಗ ತೋರಿಸಿ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಹೆಂಡತಿಯ ಹೆಸರು ಕಾಶವ್ವ. ಅವಳು ಮದುವೆಯಾಗಿ ಆ ಮನೆಗೆ ಬಂದ ಸ್ವಲ್ಪ ದಿನಕ್ಕೇ ಅವಳ ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಕಾಶವ್ವ ಅವಳಿಗೆ ಉಣಿಸಿದಳು, ಮೈ ಒರೆಸಿದಳು, ಮಗ್ಗುಲು ಬದಲಿಸಿದಳು. ಅತ್ತೆ ಕೆಟ್ಟವಳೇನಲ್ಲ. ಆದರೆ ಸೊಸೆಯ ಕೈ ತುತ್ತು ಬಿಟ್ಟರೆ ಬೇರೆಯವರದು ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೀಗಾಗಿ ಕಾಶವ್ವ ಊರಿನ ಅಗಸೆ ಬಾಗಿಲು ದಾಟಿ ಹೊರಗೆ ಹೋದದ್ದೇ ಇಲ್ಲ. ಹುಟ್ಟಿದ ಒಬ್ಬಳೇ ಮಗಳನ್ನೂ ಅದೇ ಪೇಟೆಯ ಇನ್ನೊಂದು ಬೀದಿಗೆ ಮದುವೆ ಮಾಡಿ ಕೊಟ್ಟರು. ಕಾಶವ್ವನ ತಲೆಯಲ್ಲಿ ಬಿಳಿಗೂದಲು ಕಾಣಿಸಿಕೊಂಡ ಹೊತ್ತಿಗೆ ಅತ್ತೆ ತೀರಿಕೊಂಡಳು.

ಸತ್ತವಳ ಕರ್ಮವೆಲ್ಲ ಮುಗಿಯಿತು, ಬಂದ ನೆಂಟರು ಹೊರಟುಹೋದರು. ಬೆಳಗಾದರೆ ಕಾಶವ್ವ ಗಂಜಿ ಬಟ್ಟಲು ಹಿಡಿದು ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿಬಿಡುತ್ತಿದ್ದಳು. ಬರಿದಾದ ಹಾಸಿಗೆ ಕಂಡ ಮೇಲೆ ನೆನಪಾಗುತ್ತಿತ್ತು. ಮನೆಯಲ್ಲಿ ಹೊತ್ತು ಹೋಗದೆ, ಆಳನ್ನು ಕಳಿಸುತ್ತಿದ್ದ ಸಣ್ಣಪುಟ್ಟ ಕೆಲಸಕ್ಕೂ ತಾನೇ ಪೇಟೆ ಬೀದಿಗೆ ಹೋಗತೊಡಗಿದಳು.

ಆ ಬೀದಿಯ ಒಂದು ಅಂಗಡಿಯಲ್ಲಿ ಕೈಚೀಲವೊಂದನ್ನು ತೂಗುಹಾಕಿದ್ದರು. ಕೆಂಪು ಬಣ್ಣದ ಮೆತ್ತನೆಯ ಚರ್ಮದ ಚೀಲ. ಅಂಚಿಗೆ ರೇಷ್ಮೆ ನೂಲಿನ ಕಸೂತಿ, ಬಾಯಿಗೆ ಹಿತ್ತಾಳೆಯ ಕೊಂಡಿ, ಹೆಗಲಿಗೆ ಹಾಕಿಕೊಳ್ಳಲು ಉದ್ದನೆಯ ಪಟ್ಟಿ. ಅದನ್ನು ಮಾಡಿದವನು ರಾಜಧಾನಿಯ ಹೆಸರಾಂತ ಕುಶಲಕರ್ಮಿ. ಅವನ ಮುದ್ರೆಯಿರುವ ಚೀಲ ಹೆಗಲಲ್ಲಿದ್ದರೆ ಜನ ತಿರುಗಿ ನೋಡುತ್ತಿದ್ದರು.

ಕಾಶವ್ವ ಅದರ ಮುಂದೆ ನಿಂತಳು. ಮರುದಿನವೂ ನಿಂತಳು. ಕಾಯಿಪಲ್ಯಕ್ಕೆಂದು ಹೊರಟರೂ ಅವಳ ಕಾಲು ಆ ಅಂಗಡಿಯ ಹತ್ತಿರ ನಿಧಾನವಾಗುತ್ತಿತ್ತು. ಯಾರಾದರೂ ಕೊಂಡುಬಿಟ್ಟರೇನು ಗತಿ ಎಂದು ದಾರಿಯುದ್ದಕ್ಕೂ ಎದೆ ಅಳುಕುತ್ತಿತ್ತು. ಚೀಲ ಅಲ್ಲೇ ಇರುವುದು ಕಂಡರೆ ಸಮಾಧಾನವಾಗುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಆ ಸಮಾಧಾನ ಕರಗಿಹೋಗುತ್ತಿತ್ತು. ಅವಳಿಗೆ ತನ್ನನ್ನು ಕಂಡು ತನಗೇ ಸೋಜಿಗವಾಯಿತು. ಒಡವೆಗೂ ಅವಳು ಇಷ್ಟು ಆಸೆಪಟ್ಟವಳಲ್ಲ.

ಕೊನೆಗೆ ಗಂಡನಿಗೆ ಹೇಳಿದಳು. ಅವನು ಬೇಡವೆನ್ನಲಿಲ್ಲ. ಮುದ್ರೆ ನೋಡಿ ಮರುಳಾಗಬೇಡ, ಬಳಸಿದವರನ್ನು ಮೊದಲು ವಿಚಾರಿಸು, ಆಮೇಲೆ ಕೊಳ್ಳುವೆಯಂತೆ ಎಂದ. ವ್ಯಾಪಾರಿಯ ಮಾತು, ಸರಿಯಾದ ಮಾತೇ ಆಗಿತ್ತು.

ಕಾಶವ್ವ ಮೊದಲು ದೇಸಾಯರ ಮನೆಗೆ ಹೋದಳು. ಆ ಮನೆಯ ಹಿರಿ ಸೊಸೆ ಅಂಥದೇ ಚೀಲ ಕೊಂಡಿದ್ದಳು. ಕೇಳಿದ್ದೇ ತಡ, ಒಳಗಿನಿಂದ ಚೀಲ ತಂದು ಮುಂದೆ ಒಗೆದಳು. ಹರಿಗೋಲಿನಲ್ಲಿ ಕೂತು ಹೊಳೆ ದಾಟುವಾಗ ಅದರ ಕೊಂಡಿ ತಾನೇ ಬಿಚ್ಚಿಕೊಂಡಿತಂತೆ. ಒಳಗಿದ್ದ ಬೆಳ್ಳಿಯ ಕುಂಕುಮದ ಭರಣಿ ನಡುನೀರಿಗೆ ಬಿತ್ತಂತೆ. ಇಂಥ ಚೀಲಕ್ಕೆ ದುಡ್ಡು ಸುರಿಯಬೇಡ ಎಂದು ಖಂಡಿತವಾಗಿ ಹೇಳಿದಳು. ಕಾಶವ್ವ ಎಲ್ಲವನ್ನೂ ಕೇಳಿಸಿಕೊಂಡು, ಅಲ್ಲಿ ಹೊಳೆ ಎಷ್ಟು ಅಗಲವಿದೆ ಎಂದು ವಿಚಾರಿಸಿದಳು. ಆಚೆ ದಡದ ಮಂದಿ ಈಚೆ ದಡಕ್ಕೆ ಕಾಣುತ್ತಾರೆಯೇ ಎಂದಳು. ಚೀಲಕ್ಕೂ ಇದಕ್ಕೂ ಏನು ಸಂಬಂಧವೆಂದು ದೇಸಾಯರ ಸೊಸೆಗೆ ತಿಳಿಯಲಿಲ್ಲ. ಆದರೂ ಹೇಳಿದಳು. ಆಚೆ ದಡದಲ್ಲಿ ನೀರು ಕುಡಿಯಲು ಇಳಿದ ಎತ್ತು ಈಚೆಯಿಂದ ಆಡಿನಷ್ಟು ಕಾಣುತ್ತದಂತೆ.

ಆ ಸಂಜೆ ರೊಟ್ಟಿ ತಟ್ಟುವಾಗ ಕಾಶವ್ವ ಆಡಿನಷ್ಟು ಕಾಣುವ ಎತ್ತನ್ನೇ ನೆನೆಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಕೊಂಡಿಯ ಮಾತು ಅವಳಿಗೆ ಮರೆತೇ ಹೋಗಿತ್ತು.

ಅಂಥ ಚೀಲ ಕೊಂಡಿದ್ದ ಇನ್ನೊಬ್ಬಳು ಊರೂರ ಮದುವೆಗಳಿಗೆ ಹೋಗಿ ಹಾಡುವವಳು. ಘಟ್ಟ ಇಳಿಯುವಾಗ ಮಳೆ ಹಿಡಿದು ಚೀಲದ ಕೆಂಪೆಲ್ಲ ಅವಳ ಸೀರೆಗೆ ಇಳಿದಿತ್ತು. ಆ ಸೀರೆಯನ್ನೇ ತೆಗೆದು ಹರವಿ ತೋರಿಸಿದಳು. ಕಾಶವ್ವ ಕಲೆಯ ಮೇಲೆ ಕೈಯಾಡಿಸಿದಳು. ಘಟ್ಟದ ಮಳೆ ನಮ್ಮ ಮಳೆಯ ಹಾಗೆಯೇ ಇರುತ್ತದೆಯೇ ಎಂದು ಕೇಳಿದಳು. ಹಾಡುವವಳು ನಕ್ಕಳು. ಅಲ್ಲಿ ಮಳೆ ಕೆಳಗಿನಿಂದಲೂ ಮೇಲಕ್ಕೆ ಬರುತ್ತದೆ, ಮೋಡ ನಮ್ಮ ಕಾಲ ಬುಡದಲ್ಲಿರುತ್ತದೆ ಎಂದಳು. ಕಾಶವ್ವ ಅದನ್ನು ನಂಬಲೋ ಬೇಡವೋ ಎಂದು ಯೋಚಿಸುತ್ತ ಮನೆಗೆ ಬಂದಳು.

ಇಬ್ಬರನ್ನು ಕೇಳಿಯಾಗಿತ್ತು. ಇಬ್ಬರೂ ಬೇಡವೆಂದಿದ್ದರು. ಅಲ್ಲಿಗೆ ಆಸೆ ಇಳಿಯಬೇಕಾಗಿತ್ತು, ಆದರೆ ಇನ್ನೂ ಹೆಚ್ಚಿತು. ಇನ್ನೊಬ್ಬರನ್ನು ಕೇಳಿ ನೋಡೋಣ ಎಂದುಕೊಂಡಳು. ಯಾತ್ರೆಗೆ ಹೋಗಿ ಬಂದ ಮುದುಕಿಯೊಬ್ಬಳು ಹಿಂದಿನ ಓಣಿಯಲ್ಲಿದ್ದಳು. ಅವಳ ಚೀಲದ ಪಟ್ಟಿ ಸಮುದ್ರದ ದಂಡೆಯಲ್ಲಿ ಕಿತ್ತುಬಂದಿತ್ತು. ವಾಪಸು ಬರುವವರೆಗೂ ಅದನ್ನು ಕಂಕುಳಲ್ಲಿ ಅವುಚಿಕೊಂಡೇ ತಿರುಗಿದೆ ಎಂದು ಮುದುಕಿ ಗೊಣಗಿದಳು. ಯಾವ ಊರಿನಲ್ಲಿ ಎಂದು ಕಾಶವ್ವ ಕೇಳಿದಳು. ಮುದುಕಿ ಊರಿನ ಹೆಸರು ಹೇಳಿದಳು.

ಅದು ಕಾಶವ್ವನ ಅಕ್ಕನನ್ನು ಕೊಟ್ಟ ಊರು.

ಕಾಶವ್ವನಿಗೆ ತಾಯಿಯ ನೆನಪಿರಲಿಲ್ಲ. ಅವಳು ಅಂಬೆಗಾಲಿಡುವಾಗಲೇ ತಾಯಿ ಹೋಗಿದ್ದಳು. ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಎಲ್ಲ ಈ ಅಕ್ಕನೇ. ಅಕ್ಕನನ್ನು ಘಟ್ಟದ ಕೆಳಗಿನ ಕೊಬ್ಬರಿ ವ್ಯಾಪಾರಿಗೆ ಕೊಟ್ಟರು. ಗಾಡಿ ಹತ್ತುವಾಗ ಅಕ್ಕ, ನನ್ನ ಬಾಣಂತನಕ್ಕೆ ನೀನು ಬರಲೇಬೇಕು ಎಂದಿದ್ದಳು. ಕಾಶವ್ವ ಆಗಲಿ ಎಂದಿದ್ದಳು. ಅಕ್ಕನಿಗೆ ಮಕ್ಕಳಾದವು, ಮಕ್ಕಳಿಗೆ ಮದುವೆಗಳಾದವು. ಸುದ್ದಿ ಮಾತ್ರ ಉಪ್ಪಿನ ಗಾಡಿಯವರ ಬಾಯಲ್ಲಿ ಬರುತ್ತಿತ್ತು. ಹೋಗಬೇಕು ಎಂದು ಕಾಶವ್ವ ಗಂಡನನ್ನು ಕೇಳಿದ್ದರೆ ಅವನು ಬೇಡವೆನ್ನುತ್ತಿದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಳು ಕೇಳಿರಲಿಲ್ಲ. ಅತ್ತೆಯ ಕೋಣೆಯಿಂದ ಕೂಗು ಬಂದಾಗಲೆಲ್ಲ ಒಳಗೆ ಓಡುತ್ತಿದ್ದಳು, ಅಷ್ಟರಲ್ಲಿ ವರ್ಷಗಳು ಕಳೆದುಹೋಗಿದ್ದವು.

ಆ ಊರಿನಲ್ಲಿ ಕೊಬ್ಬರಿ ವ್ಯಾಪಾರಿಗಳ ಬೀದಿ ನೋಡಿದಿರಾ ಎಂದು ಕಾಶವ್ವ ಮುದುಕಿಯನ್ನು ಕೇಳಿದಳು. ನೋಡಿರಬೇಕು, ಹರಿದ ಚೀಲದ ಚಿಂತೆಯಲ್ಲಿ ಯಾವುದೂ ನೆನಪಿಲ್ಲ ಎಂದಳು ಮುದುಕಿ. ಕಾಶವ್ವನಿಗೆ ಅವಳ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕೊಟ್ಟ ಮಜ್ಜಿಗೆಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದಳು.

ಮರುದಿನ ಅವಳು ನೇರವಾಗಿ ಅಂಗಡಿಗೆ ಹೋಗಿ ಆ ಚೀಲ ಕೊಡಿ ಎಂದಳು. ಅಂಗಡಿಯವನು ಪ್ರಾಮಾಣಿಕ ಮನುಷ್ಯ.

"ಬಳಸಿದವರು ಏನನ್ನುತ್ತಾರೆ ಗೊತ್ತೇ ತಾಯೀ? ನನ್ನ ಮುಂದೆಯೇ ಬಂದು ಬೈದು ಹೋಗುತ್ತಾರೆ. ನಾಳೆ ನೀವೂ ಬಂದು ನನ್ನನ್ನು ಅನ್ನಬಾರದು" ಎಂದ.

"ನನ್ನ ಹತ್ತಿರ ಇದ್ದರೆ ಇದು ಕೆಡುವುದಿಲ್ಲ. ಅವರೆಲ್ಲ ಹೊಳೆ ದಾಟಿದವರು, ಘಟ್ಟ ಇಳಿದವರು. ನಾನು ಎಲ್ಲಿಗೂ ಹೋಗುವವಳಲ್ಲ. ಗೂಟಕ್ಕೆ ಹಾಕಿಟ್ಟರೆ ನಾನು ಸಾಯುವವರೆಗೂ ಹೊಸದಾಗಿಯೇ ಇರುತ್ತದೆ" ಎಂದಳು ಕಾಶವ್ವ.

ಅಂಗಡಿಯವನಿಗೆ ಈ ಮಾತು ಹಿಡಿಸಿತು. ಗಿರಾಕಿಗಳೆಂದರೆ ಹೀಗಿರಬೇಕು ಎನ್ನುತ್ತ ಚೀಲವನ್ನು ಇಳಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತತೊಡಗಿದ. ಕಾಶವ್ವ ಅವನ ಕೈಗಳನ್ನೇ ನೋಡುತ್ತ ಕೂತಿದ್ದಳು. ತಾನು ಆಗ ಆಡಿದ ಮಾತು ಬೇರೆ ಯಾರೋ ಆಡಿದ ಹಾಗೆ ಅವಳಿಗೆ ಈಗ ಕೇಳಿಸಿತು. ಈಗ ಬೇಡ, ಇರಲಿ ಎಂದು ಹೇಳಿ ಎದ್ದುಬಿಟ್ಟಳು. ಜನರ ದೂರಿಗೆ ಕೊನೆಗೂ ಹೆದರಿದಳು ಎಂದುಕೊಂಡು ಅಂಗಡಿಯವನು ಚೀಲವನ್ನು ಮೊದಲಿನ ಜಾಗಕ್ಕೆ ತೂಗುಹಾಕಿದ.

ಮಧ್ಯಾಹ್ನ ಗಂಡ ಊಟಕ್ಕೆ ಬಂದ. ಚೀಲದ ವಿಚಾರ ಏನಾಯಿತು ಎಂದು ಕೇಳಿದ.

"ನಾನು ಅಕ್ಕನನ್ನು ನೋಡಬೇಕು" ಎಂದಳು.

ಗಂಡನ ಕೈ ತಟ್ಟೆಯ ಮೇಲೆಯೇ ನಿಂತಿತು. ಇಷ್ಟು ವರ್ಷ ಒಂದು ದಿನವೂ ಹೇಳಲಿಲ್ಲವಲ್ಲ ಎಂದ. ತಾನೂ ಒಂದು ದಿನ ಕೇಳಿರಲಿಲ್ಲ ಎಂಬುದು ಅಷ್ಟರಲ್ಲಿ ಅವನಿಗೆ ಹೊಳೆದಿರಬೇಕು, ಮಾತು ಬೆಳೆಸಲಿಲ್ಲ. ಕೈ ತೊಳೆದು ಹೊರಗೆ ಹೋಗಿ ಉಪ್ಪಿನ ಗಾಡಿಯವರನ್ನು ಕಂಡ. ಅವರಲ್ಲಿ ಹೆಂಡತಿ ಮಕ್ಕಳೊಂದಿಗೆ ಹೊರಟವನೊಬ್ಬನಿದ್ದ. ಅವನ ಗಾಡಿಯಲ್ಲಿ ಕಾಶವ್ವನಿಗೆ ಜಾಗ ಮಾಡಿಸಿದ.

ಕಾಶವ್ವ ಹಳೆಯ ದುಪ್ಪಟಿಯೊಂದರಲ್ಲಿ ಸೀರೆಗಳನ್ನೂ, ಅಕ್ಕನಿಗೆಂದು ಮಾಡಿದ ಸಜ್ಜೆ ರೊಟ್ಟಿಯನ್ನೂ, ಶೇಂಗಾ ಚಟ್ನಿಪುಡಿಯನ್ನೂ ಇಟ್ಟು ಗಂಟು ಕಟ್ಟಿಕೊಂಡಳು. ಅಗಸೆ ದಾಟುವಾಗ ಹಿಂದಿರುಗಿ ನೋಡಿದಳು. ಗಂಡ ಅಲ್ಲೇ ನಿಂತಿದ್ದ. ಅವನು ಅಷ್ಟು ಚಿಕ್ಕವನಾಗಿ ಕಂಡದ್ದು ಅದೇ ಮೊದಲು.

ಹೊಳೆ ಬಂತು. ಅದನ್ನು ಅಷ್ಟು ನೆನೆದಿದ್ದವಳು ಹರಿಗೋಲು ತಿರುಗತೊಡಗಿದಾಗ ಹೆದರಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಎರಡು ದಡಗಳೂ ದೂರವಿದ್ದವು. ಆಮೇಲೆ ಅವಳು ಮತ್ತೆ ಕಣ್ಣು ಮುಚ್ಚಲಿಲ್ಲ. ಘಟ್ಟದಲ್ಲಿ ಮಳೆ ಸಿಕ್ಕಿತು. ಗಂಟು ನೆನೆದು ರೊಟ್ಟಿಯೆಲ್ಲ ಮುದ್ದೆಯಾಯಿತು. ಕಾಲ ಬುಡದಲ್ಲಿ ಮೋಡ ಇತ್ತು, ಹಾಡುವವಳು ಸುಳ್ಳು ಹೇಳಿರಲಿಲ್ಲ.

ಅಕ್ಕನ ಮನೆ ಸಿಕ್ಕಿತು. ಜಗಲಿಯ ಮೇಲೆ ಒಬ್ಬ ಮುದುಕಿ ಕೂತು ತೆಂಗಿನ ನಾರು ಬಿಡಿಸುತ್ತಿದ್ದಳು. ಕಾಶವ್ವ ಅವಳ ಎದುರಿಗೇ ಹೋಗಿ ನಿಂತಳು. ಯಾರು ಎಂದು ಮುದುಕಿ ಕೇಳಿದಳು. ಆದರೆ ಮುಖ ಬೇರೆ ಕಡೆಗಿತ್ತು. ಹೋದ ಮಳೆಗಾಲದಿಂದ ಅಕ್ಕನಿಗೆ ಕಣ್ಣು ಕಾಣುತ್ತಿರಲಿಲ್ಲ.

ಕಾಶವ್ವ ಗಂಟು ಇಳಿಸಿ ಅವಳ ಕಾಲ ಬಳಿ ಕೂತಳು. ದಾರಿಯುದ್ದಕ್ಕೂ ಅಕ್ಕ ತನ್ನನ್ನು ಕಂಡಾಗ ಮೊದಲು ಏನನ್ನುತ್ತಾಳೆ, ಬಿಳಿಗೂದಲು ನೋಡಿ ನಗುತ್ತಾಳೆಯೇ ಎಂದೆಲ್ಲ ಯೋಚಿಸುತ್ತ ಬಂದಿದ್ದಳು. ಒಂದು ವರ್ಷದ ಹಿಂದೆ ಬಂದಿದ್ದರೂ ಆಗುತ್ತಿತ್ತು.

"ಅಕ್ಕಾ, ನಾನು ಕಾಶಿ" ಎಂದಳು.

ಅಕ್ಕ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು. ಇನ್ನೊಂದು ಸಲ ಹೇಳು ಎಂದಳು. ಕಾಶವ್ವ ಹೇಳಿದಳು.

"ಅವ್ವನ ಧ್ವನಿ ಬಂದಿದೆ ನಿನಗೆ" ಎಂದಳು ಅಕ್ಕ.

ತಾಯಿಯ ಧ್ವನಿ ಹೇಗಿತ್ತೆಂದು ಕಾಶವ್ವ ಅಲ್ಲಿಯವರೆಗೂ ತಿಳಿದವಳಲ್ಲ.

ಆಮೇಲೆ ಅವರು ಅತ್ತರು, ನೆನೆದ ರೊಟ್ಟಿಯನ್ನೇ ಹಂಚಿಕೊಂಡು ತಿಂದರು, ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡಿದರು. ಅಕ್ಕ ತಂಗಿಯನ್ನು ಸುಮ್ಮನಿರಲು ಬಿಡುತ್ತಿರಲಿಲ್ಲ. ಏನಾದರೂ ಹೇಳುತ್ತಿರು ಎನ್ನುತ್ತಿದ್ದಳು. ಬೆಳಿಗ್ಗೆ ಕಾಶವ್ವ ಅಕ್ಕನ ತಲೆ ಬಾಚುತ್ತಿದ್ದಳು. ಸಂಜೆ ಅಕ್ಕನೇ ತಂಗಿಯ ಕೈ ಹಿಡಿದು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಆ ದಾರಿಗೆ ಅವಳಿಗೆ ಕಣ್ಣು ಬೇಕಾಗಿರಲಿಲ್ಲ. ಉಪ್ಪಿನ ಗಾಡಿಗಳು ವಾಪಸು ಹೊರಡುವ ದಿನ ಬಂದಾಗ ಅಕ್ಕ ಇರು ಎಂದು ಹಟ ಹಿಡಿಯಲಿಲ್ಲ. ಇನ್ನು ಯಾವಾಗ ಬರುತ್ತೀ ಎಂದಷ್ಟೇ ಕೇಳಿದಳು. ಪ್ರತಿ ಬೇಸಿಗೆಗೂ ಬರುತ್ತೇನೆ ಎಂದು ಕಾಶವ್ವ ಹೇಳಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಗುರುಸಿದ್ಧನ ಮುಖ ಹಗುರಾಯಿತು. "ತಿಳಿಯಿತು ಗುರುಗಳೇ. ಅವಳಿಗೆ ಬೇಕಾಗಿದ್ದದ್ದು ಚೀಲವಲ್ಲ. ಆ ಆಸೆಯೇ ಸುಳ್ಳು, ದೂರು ಹೇಳಿದವರ ಮಾತೇ ನಿಜ. ಕೊಳ್ಳದೆ ಎದ್ದು ಬಂದು ಒಳ್ಳೆಯದೇ ಮಾಡಿದಳು" ಎಂದ.

"ಊರಿಗೆ ಮರಳಿದ ಮೇಲೆ ಅವಳು ಆ ಚೀಲವನ್ನು ಕೊಂಡಳಪ್ಪಾ, ಆಮೇಲೆ ಪ್ರತಿ ಬೇಸಿಗೆಯಲ್ಲೂ ಹೊರಡುವ ಮುನ್ನ ಅದರ ಹರಿದ ಪಟ್ಟಿಯನ್ನು ಹೊಲಿಯುತ್ತ, ಕೇಳಿದವರಿಗೆಲ್ಲ, ಇದು ಚೆನ್ನಾಗಿಲ್ಲ, ಕೊಳ್ಳಬೇಡಿ ಎನ್ನುತ್ತಿದ್ದಳು" ಎಂದರು ಗುರುಗಳು.