ಯಜಮಾನರ ಕಪ್ಪು

ಗಂಡನನ್ನು ಕಳೆದುಕೊಂಡ ಕಾಗೆಯೊಂದು ಶಾಲೆಯ ಕಪಾಟಿನ ಇಂಗ್ಲಿಷ್ ನಿಘಂಟಿನೊಳಗಿದ್ದ ಪುಸ್ತಕದ ಹುಳುವನ್ನು ಕರೆಯಿತು.

“ಹುಳುರಾಯರೇ, ಸಂತಾಪ ಸಭೆಯಲ್ಲಿ ನಮ್ಮ ಯಜಮಾನರ ಬಗ್ಗೆ ಮಾತಾಡಬೇಕು. ಕಪ್ಪಗಿದ್ದರು ಎಂದರೆ ಯಾರ ಗಂಡನೂ ಆಗಬಹುದು. ಅವರ ಕಪ್ಪಿಗೇ ಒಂದು ಪದ ಕೊಡಿ.”

“ಎಬನಿ ಇದೆ, ಮರದ ಕಪ್ಪು. ಸ್ಟಿಜಿಯನ್ ಇದೆ, ವೈತರಣಿಯಂಥ ಹೊಳೆಯ ಕಪ್ಪು.”

“ಛೇ, ಅವರು ಒಳ್ಳೆಯವರು. ಅಗುಳು ಸಿಕ್ಕರೂ ನನ್ನನ್ನು ಕೂಗಿಯೇ ತಿನ್ನುತ್ತಿದ್ದರು. ಆಗ ಕುತ್ತಿಗೆ ಬಿಸಿಲಿಗೆ ನೀಲಿ ಹೊಳೆಯುತ್ತಿತ್ತು. ಆ ಕಪ್ಪು.”

ಹುಳು ಪುಟಪುಟವನ್ನೂ ಹುಡುಕಿ ತಲೆ ತಗ್ಗಿಸಿತು. “ಆ ಪದವನ್ನು ನಾನೇ ತಿಂದಿರಬೇಕು, ಕಾಗಕ್ಕ.”

“ರುಚಿ ಹೇಗಿತ್ತು?”

“ಸಿಹಿಯಾಗಿತ್ತು.”

“ಹಾಗಾದರೆ ಅದೇ. ಕ್ಷಮಿಸಿ, ರಾಯರೇ,” ಎಂದು ಕಾಗೆ ಹುಳುವನ್ನು ನುಂಗಿ ಸಭೆಗೆ ಹಾರಿತು. ಅಲ್ಲಿ ಕೊಕ್ಕು ತೆರೆದಾಗ ಬಂದದ್ದು ‘ಕಾ’ ಒಂದೇ.

ಯಾರ ಗಂಡ ಎಂದು ಯಾರೂ ಕೇಳಲಿಲ್ಲ.